'ಐ ವಿಲ್ ಆಲ್ವೇಸ್ ಲವ್ ಯೂ' ಹಾಡಿನ ಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಹಾಡು ಕೇಳುವ ಅಭ್ಯಾಸ ಇಲ್ಲದವರಿಗೂ ಈ ಹಾಡಿನ ಪಲ್ಲವಿ ಗೊತ್ತಿರುತ್ತದೆ. ಅದು ಹುಟ್ಟಿದ್ದು ಹೇಗೆ, ಯಾರಿಗಾಗಿ, ಯಾರ ಯಾರ ಕೈ ದಾಟಿ ಬಂತು ಅನ್ನುವುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಹಾಡಿನ ಬಗ್ಗೆ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಇದು ವಿಟ್ನಿ ಹ್ಯೂಸ್ಟನ್ ಹಾಡು ಅಲ್ವಾ?

ಅಮೆರಿಕದ ಪಾಪ್ ಗಾಯಕಿ ವಿಟ್ನಿ ಹಾಡಿದ್ದು ನಿಜ. ಆದರೆ ಬರೆದವರು, ಧಾಟಿ ಕಟ್ಟಿದವರು, ಮೊದಲು ಹಾಡಿದವರು ಡಾಲಿ ಪಾರ್ಟನ್. 1973ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಇದು ಹುಟ್ಟಿತು. 1974ರಲ್ಲಿ ಬಿಡುಗಡೆಯಾಗಿ, ಆ ವರ್ಷದ ಜೂನ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ವಿಟ್ನಿ ಅದನ್ನು ಹಾಡಿದ್ದು 1992ರಲ್ಲಿ, 'ದ ಬಾಡಿಗಾರ್ಡ್' ಸಿನಿಮಾಕ್ಕೆ.

ನಮ್ಮಲ್ಲಿ ಬಹಳ ಜನಕ್ಕೆ ವಿಟ್ನಿ ದನಿಯೇ ಮೊದಲು ಕಿವಿಗೆ ಬಿದ್ದದ್ದು ಸಹಜ. ಸ್ಟಾರ್ ಟಿವಿಯ ಮೂಲಕ ಎಂಟಿವಿ ನಮ್ಮ ದೇಶಕ್ಕೆ ಬಂದದ್ದು 1991ರಲ್ಲಿ. ಬೀದಿ ಬೀದಿಯಲ್ಲಿ ಕೇಬಲ್ ಎಳೆಯುತ್ತಿದ್ದ ಹೊತ್ತಿಗೇ ಈ ಹಾಡೂ ಬಂತು. ಡಾಲಿಯ 1974ರ ರೆಕಾರ್ಡಿಗೆ ಅಂಥ ದಾರಿ ಇರಲಿಲ್ಲ.

ಡಾಲಿ ಪಾರ್ಟನ್ ಯಾರು?

1946ರ ಜನವರಿ 19ರಂದು ಟೆನೆಸಿಯ ಸೆವಿಯರ್ ಕೌಂಟಿಯ ಬೆಟ್ಟದ ಸೀಮೆಯಲ್ಲಿ ಹುಟ್ಟಿದವರು. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಮನೆಯಲ್ಲಿ ಎಷ್ಟು ಬಡತನ ಅಂದರೆ, ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ಕೊಟ್ಟದ್ದು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. ಇದನ್ನು ಡಾಲಿಯೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅಮ್ಮ ಹೇಳಿಕೊಡುತ್ತಿದ್ದ ಹಳೆಯ ಕಥನ ಹಾಡುಗಳು, ಚರ್ಚಿನ ಹಾಡುಗಳು ಇವೇ ಅವರ ಪಾಠಶಾಲೆ.

1964ರಲ್ಲಿ ಹೈಸ್ಕೂಲ್ ಮುಗಿದ ಮರುದಿನವೇ ಬಸ್ ಹತ್ತಿ ನ್ಯಾಶ್‌ವಿಲ್‌ಗೆ ಬಂದರು. ಬಂದ ದಿನವೇ ಬಟ್ಟೆ ಒಗೆಯುವ ಅಂಗಡಿಯ ಹತ್ತಿರ ಕಾರ್ಲ್ ಡೀನ್ ಅನ್ನುವ ಹುಡುಗನ ಪರಿಚಯವಾಯಿತು. 1966ರಲ್ಲಿ ಇಬ್ಬರೂ ಮದುವೆಯಾದರು. 2025ರ ಮಾರ್ಚ್‌ನಲ್ಲಿ ಕಾರ್ಲ್ ತೀರಿಕೊಳ್ಳುವವರೆಗೂ ಸುಮಾರು 59 ವರ್ಷ ಜೊತೆಯಾಗಿ ಬಾಳಿದರು.

ಅವರನ್ನು ಬರೀ ಹಾಡುಗಾರ್ತಿ ಅಂದುಕೊಂಡರೆ ಅರ್ಧ ಡಾಲಿ ಮಾತ್ರ ಸಿಗುತ್ತಾರೆ. ಅವರು ಮೊದಲು ಕವಿ, ಆಮೇಲೆ ಗಾಯಕಿ. ಈ ಹಾಡಿನ ಕತೆ ಪೂರ್ತಿ ನಿಂತಿರುವುದು ಅದರ ಮೇಲೇ.

ಕಂಟ್ರಿ ಸಂಗೀತ ಅಂದರೆ ಏನು?

ಅಮೆರಿಕದ ದಕ್ಷಿಣದ ಹಳ್ಳಿ, ಬೆಟ್ಟ, ಹೊಲಗಳ ಕಡೆಯ ಹಾಡು. ಬ್ರಿಟನ್, ಐರ್ಲೆಂಡ್ ಕಡೆಯಿಂದ ವಲಸೆ ಬಂದವರ ಕಥನ ಹಾಡುಗಳು, ಕಪ್ಪು ಜನರ ಬ್ಲೂಸ್, ಬ್ಯಾಂಜೊ, ಚರ್ಚಿನ ಭಜನೆ ಎಲ್ಲ ಕಲೆತು ಆದದ್ದು. 1925ರಲ್ಲಿ ನ್ಯಾಶ್‌ವಿಲ್‌ನ ರೇಡಿಯೋದಲ್ಲಿ ಶುರುವಾದ 'ಗ್ರ್ಯಾಂಡ್ ಓಲ್ ಆಪ್ರಿ' ಕಾರ್ಯಕ್ರಮದಿಂದ ಆ ಊರೇ ಇದರ ರಾಜಧಾನಿಯಾಯಿತು. ಸ್ವರ ಸರಳ, ಮಾತು ಮುಖ್ಯ, ಹಾಡಿನೊಳಗೆ ಒಂದು ಕತೆ ಇರಲೇಬೇಕು.

ಈ ಹಾಡು ಯಾರಿಗಾಗಿ ಬರೆದದ್ದು? ಗಂಡನಿಗಾ?

ಅಲ್ಲ. ಪ್ರೇಮಿಗೂ ಅಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಗಾಯಕ ಪೋರ್ಟರ್ ವ್ಯಾಗನರ್‌ಗಾಗಿ.

ಪೋರ್ಟರ್ ಆಗ ಕಂಟ್ರಿ ಲೋಕದ ದೊಡ್ಡ ಹೆಸರು. 1927ರಲ್ಲಿ ಮಿಸೂರಿ ರಾಜ್ಯದಲ್ಲಿ ಹುಟ್ಟಿದವರು. ಹೊಳೆಯುವ ಕಲ್ಲು ಹೊಲಿದ ಸೂಟು, ಮೇಲಕ್ಕೆ ಎತ್ತಿ ಬಾಚಿದ ಹೊಂಬಣ್ಣದ ಕೂದಲು. 1960ರಿಂದ ಅವರದೇ ಹೆಸರಿನ ಅರ್ಧ ಗಂಟೆಯ ಟಿವಿ ಕಾರ್ಯಕ್ರಮ ಊರೂರಿನ ಸ್ಟೇಷನ್‌ಗಳಲ್ಲಿ ಬರುತ್ತಿತ್ತು. ಅದರಲ್ಲಿ ನಾರ್ಮಾ ಜೀನ್ ಅನ್ನುವ ಗಾಯಕಿ ಇದ್ದರು, ಜನಕ್ಕೆ ಅವರ ಮೇಲೆ ತುಂಬಾ ಪ್ರೀತಿ. ಅವರು ಬಿಟ್ಟುಹೋದ ಮೇಲೆ 1967ರಲ್ಲಿ ಆ ಜಾಗಕ್ಕೆ ಪೋರ್ಟರ್ ಕರೆದದ್ದು 21 ವರ್ಷದ ಡಾಲಿಯನ್ನು. ಶುರುವಿನಲ್ಲಿ ಡಾಲಿ ವೇದಿಕೆಗೆ ಬಂದರೆ ಜನ 'ನಾರ್ಮಾ ಜೀನ್ ಎಲ್ಲಿ' ಅಂತ ಕೂಗುತ್ತಿದ್ದರು. ಪೋರ್ಟರ್ ಡಾಲಿಯ ಜೊತೆ ನಿಂತು ಯುಗಳಗೀತೆ ಹಾಡಿದರು. ಜನ ನಿಧಾನವಾಗಿ ಒಪ್ಪಿಕೊಂಡರು. ಆರ್‌ಸಿಎ ರೆಕಾರ್ಡ್ ಕಂಪನಿಗೆ ಡಾಲಿಯನ್ನು ಸೇರಿಸಿದ್ದೂ ಪೋರ್ಟರ್ ಅವರೇ.

ಡಾಲಿ ಸೇರುವಾಗ ಐದು ವರ್ಷ ಇರುತ್ತೇನೆ ಅಂದಿದ್ದರು. ಐದು ಹೋಗಿ ಏಳಾಯಿತು. ಅಷ್ಟರಲ್ಲಿ ಆಕೆಯ ಸ್ವಂತ ಹಾಡುಗಳು ಗೆಲ್ಲತೊಡಗಿದ್ದವು. 1971ರಲ್ಲಿ 'ಜೋಶುವಾ' ಪಟ್ಟಿಯ ತುದಿ ಮುಟ್ಟಿತು. ತನ್ನದೇ ತಂಡ, ತನ್ನದೇ ದಾರಿ ಬೇಕು ಅನ್ನಿಸಿತು. ಪೋರ್ಟರ್‌ಗೆ ಇದು ಇಷ್ಟವಿರಲಿಲ್ಲ. ತಾನು ಬೆಳೆಸಿದ ಹುಡುಗಿ ತನ್ನನ್ನೇ ಬಿಟ್ಟುಹೋಗುತ್ತಾಳಲ್ಲ ಅನ್ನುವ ನೋವು ಒಂದು ಕಡೆ, ಕಾರ್ಯಕ್ರಮದ ಗತಿ ಏನು ಅನ್ನುವ ಚಿಂತೆ ಇನ್ನೊಂದು ಕಡೆ. ದಿನಾ ವಾದ, ದಿನಾ ಜಗಳ. ಎಷ್ಟು ಹೇಳಿದರೂ ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕೊನೆಗೆ ಡಾಲಿ ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು. ಮನೆಗೆ ಹೋಗಿ ಕುಳಿತು ಒಂದು ಹಾಡು ಬರೆದರು.

ಹಾಡು ಕೇಳಿ ಪೋರ್ಟರ್ ಏನು ಹೇಳಿದರು?

ಡಾಲಿ ಹೇಳುವ ಪ್ರಕಾರ, ಮರುದಿನ ಬೆಳಿಗ್ಗೆ ಪೋರ್ಟರ್ ಆಫೀಸಿಗೆ ಹೋದರು. 'ಕೂತ್ಕೊಳ್ಳಿ, ನಿಮಗೊಂದು ಹಾಡು ಹಾಡಬೇಕು' ಅಂದರು. ಗಿಟಾರ್ ಹಿಡಿದು ಪೂರ್ತಿ ಹಾಡಿದರು. ಹಾಡು ಮುಗಿಯುವ ಹೊತ್ತಿಗೆ ಮೇಜಿನ ಆ ಕಡೆ ಕುಳಿತಿದ್ದ ಪೋರ್ಟರ್ ಅಳುತ್ತಿದ್ದರು. ನೀನು ಬರೆದದ್ದರಲ್ಲೆಲ್ಲ ಇದೇ ಒಳ್ಳೆಯ ಹಾಡು ಅಂದರಂತೆ. ಹೋಗುವುದಾದರೆ ಹೋಗು, ಆದರೆ ಈ ರೆಕಾರ್ಡನ್ನು ನಾನೇ ಮಾಡಿಸಬೇಕು ಅಂದರಂತೆ.

ನನಗೆ ಈ ಹಾಡಿನ ದೊಡ್ಡತನ ಕಾಣುವುದು ಇಲ್ಲೇ. ಪ್ರೇಮಿಗಳ ಅಗಲಿಕೆಗೆ ಲೋಕದಲ್ಲಿ ಲಕ್ಷ ಹಾಡಿದೆ. ಕೆಲಸ ಕಲಿಸಿದವರನ್ನು, ಕೈಹಿಡಿದು ಮೇಲೆತ್ತಿದವರನ್ನು, ಆದರೆ ಇನ್ನು ಜೊತೆಯಲ್ಲಿ ಇರಲಾಗದವರನ್ನು ಬಿಟ್ಟುಹೋಗುವ ಸಂಕಟಕ್ಕೆ ಹಾಡು ಎಷ್ಟಿವೆ? ಈ ಸಂಕಟ ಗೊತ್ತಿಲ್ಲದವರು ಕಡಿಮೆ. ಋಣ ಇದೆ, ಪ್ರೀತಿ ಇದೆ, ಆದರೂ ಹೋಗಲೇಬೇಕು. ಡಾಲಿ ಅದನ್ನು ದೂರು ಮಾಡಲಿಲ್ಲ, ಕ್ಷಮೆ ಕೇಳುವ ಪತ್ರವನ್ನೂ ಮಾಡಲಿಲ್ಲ. ನಾನು ಇದ್ದರೆ ನಿಮಗೆ ಅಡ್ಡಿ, ಅದಕ್ಕೇ ಹೊರಟೆ, ನಿಮಗೆ ಒಳ್ಳೆಯದಾಗಲಿ ಅಂದರು. ನಮ್ಮ ಗರತಿಯ ಹಾಡುಗಳಲ್ಲಿ ತವರನ್ನು ಹರಸಿ ಹೊರಡುವ ಹೆಣ್ಣುಮಗಳ ದನಿ ಇದೆಯಲ್ಲ, ಅದಕ್ಕೆ ಇದು ಬಹಳ ಹತ್ತಿರ.

ರೆಕಾರ್ಡ್ ಮಾಡಿದ್ದು ಎಲ್ಲಿ? ಮೂಲ ಹಾಡು ಹೇಗಿದೆ?

ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೋ ಬಿಯಲ್ಲಿ, 1973ರ ಜೂನ್‌ನಲ್ಲಿ. 1957ರಲ್ಲಿ ಕಟ್ಟಿದ, ಹೊರಗಿನಿಂದ ನೋಡಿದರೆ ಗೋದಾಮಿನ ಹಾಗೆ ಕಾಣುವ ಕಟ್ಟಡ. ರಾಕ್ ಸಂಗೀತದ ದೊರೆ ಅನ್ನಿಸಿಕೊಂಡ ಎಲ್ವಿಸ್ ಪ್ರೆಸ್ಲಿ 200ಕ್ಕೂ ಹೆಚ್ಚು ಹಾಡು ಹಾಡಿದ್ದು ಇದೇ ಜಾಗದಲ್ಲಿ. ರೆಕಾರ್ಡಿನ ಮೇಲೆ ನಿರ್ಮಾಪಕ ಅಂತ ಇರುವುದು ಬಾಬ್ ಫರ್ಗುಸನ್ ಹೆಸರು.

ಮೂಲ ಹಾಡು ಮೂರು ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಮೆತ್ತಗೆ ನುಡಿಯುವ ಗಿಟಾರ್, ಹಿಂದೆ ಕೋರಸ್, ಅಷ್ಟೇ. ಡಾಲಿ ಚರಣಗಳನ್ನು ಕೆಳಗಿನ ಸ್ವರದಲ್ಲಿ, ಎದುರಿಗೆ ಕುಳಿತವರ ಹತ್ತಿರ ಮಾತಾಡುವ ಹಾಗೆ ಹಾಡುತ್ತಾರೆ. ಪಲ್ಲವಿಯಲ್ಲಿ ಹೊಸ ಮಾತೇ ಇಲ್ಲ, ಇಡೀ ಪಲ್ಲವಿ ಹಾಡಿನ ಹೆಸರೇ. ಅದೇ ಸಾಲು ಎರಡು ಸಲ ಬರುತ್ತದೆ. ಹೇಳುವುದೆಲ್ಲ ಚರಣದಲ್ಲಿ ಹೇಳಿ ಮುಗಿಸಿದ ಮೇಲೆ ಉಳಿಯುವುದು ಅದೊಂದೇ ಮಾತು ತಾನೆ?

ಮೂರನೆಯ ಚರಣ ಬಂದಾಗ ಡಾಲಿ ಹಾಡುವುದನ್ನು ನಿಲ್ಲಿಸುತ್ತಾರೆ. ಹಿಂದೆ ಸಂಗೀತ ನಡೆಯುತ್ತಲೇ ಇರುತ್ತದೆ, ಮುಂದೆ ಆಕೆ ಬರೀ ಮಾತಾಡುತ್ತಾರೆ. ನಿನ್ನ ಬಾಳು ಚೆನ್ನಾಗಿರಲಿ, ಕಂಡ ಕನಸೆಲ್ಲ ಕೈಗೂಡಲಿ ಅನ್ನುವ ಹಾರೈಕೆ ಅದು. ಹಾಡಿನ ನಡುವೆ ಹೀಗೆ ಮಾತಾಡುವುದು ಕಂಟ್ರಿಯಲ್ಲಿ ಹಳೆಯ ರೂಢಿ. ಅದು ಅತಿಯಾದರೆ ನಾಟಕ ಅನ್ನಿಸಿಬಿಡುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಡಾಲಿಯ ದನಿ ಅಲ್ಲಿ ಒಂಚೂರು ನಡುಗುತ್ತದೆ. ಆಫೀಸಿನ ಮೇಜಿನ ಮುಂದೆ ನಿಂತು ಹೇಳಿದ ಮಾತು ಹೇಗಿತ್ತು ಅನ್ನುವುದು ಆ ಕೆಲವು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

'ಜೊಲೀನ್' ಮತ್ತು ಇದು ಒಂದೇ ದಿನ ಬರೆದದ್ದಂತೆ, ಹೌದಾ?

'ಜೊಲೀನ್' ಡಾಲಿಯ ಇನ್ನೊಂದು ಹೆಸರಾದ ಹಾಡು. ಒಂದೇ ದಿನ ಆಗಿರಬಹುದು ಅಂತ ಡಾಲಿಯೇ ಹೇಳಿದ್ದಾರೆ. ಹಳೆಯ ಕ್ಯಾಸೆಟ್ ಒಂದರಲ್ಲಿ ಎರಡೂ ಹಾಡು ಒಟ್ಟಿಗೆ ಸಿಕ್ಕಿದವಂತೆ. ದಿನ ಒಂದೇ ಇರಲಿ, ಬಿಡಲಿ, ಎರಡೂ ಒಂದೇ ಕಾಲದ ಕೂಸುಗಳು. 'ಜೊಲೀನ್' 1974ರ ಫೆಬ್ರವರಿಯಲ್ಲಿ ಮೊದಲ ಸ್ಥಾನಕ್ಕೆ ಬಂತು, ಇದು ಜೂನ್‌ನಲ್ಲಿ. ಎರಡೂ ಇರುವುದು 'ಜೊಲೀನ್' ಅನ್ನುವ ಆಲ್ಬಂನಲ್ಲೇ.

ಮದುವೆ ಮನೆಯಲ್ಲಿ ಈ ಹಾಡು ಹಾಕಬಹುದಾ?

ಲೋಕದ ತುಂಬ ಹಾಕುತ್ತಾರೆ. ಪಲ್ಲವಿ ಮಾತ್ರ ಕೇಳಿದರೆ ಶಾಶ್ವತ ಪ್ರೀತಿಯ ಮಾತು ಅನ್ನಿಸುವುದು ಸಹಜ. ಆದರೆ ಚರಣ ಪೂರ್ತಿ ಬಿಟ್ಟುಹೋಗುವ ಮಾತು. ನಾನು ನಿನಗೆ ಬೇಕಾದವಳಲ್ಲ ಅಂತ ಇಬ್ಬರಿಗೂ ಗೊತ್ತು, ಅಳಬೇಡ, ಹೊರಟೆ ಅನ್ನುವ ಹಾಡನ್ನು ಧಾರೆ ಎರೆಯುವ ಹೊತ್ತಿಗೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ನಿವೃತ್ತಿಯಾಗುವ ಮೇಷ್ಟ್ರಿಗೆ, ಊರು ಬಿಟ್ಟು ಹೋಗುತ್ತಿರುವ ಸ್ನೇಹಿತರಿಗೆ ಹಾಡಿ. ಅಲ್ಲಿ ಇದರ ಒಂದೊಂದು ಸಾಲೂ ಕೂರುತ್ತದೆ.

ಅಷ್ಟು ಒಳ್ಳೆಯ ಹಾಡು ಬರೆದ ಮೇಲೆ ಡಾಲಿ, ಪೋರ್ಟರ್ ಚೆನ್ನಾಗಿದ್ದರಾ?

ಇಲ್ಲ. ಇದು ಈ ಕತೆಯ ಕಹಿ ಭಾಗ. 1974ರಲ್ಲಿ ಡಾಲಿ ಕಾರ್ಯಕ್ರಮ ಬಿಟ್ಟರು. ಅದಾದ ಮೇಲೂ ಒಂದೆರಡು ವರ್ಷ ರೆಕಾರ್ಡಿಂಗ್ ವ್ಯವಹಾರ ಇತ್ತು, ಆಮೇಲೆ ಅದೂ ಮುರಿಯಿತು. 1979ರಲ್ಲಿ ಪೋರ್ಟರ್ 30 ಲಕ್ಷ ಡಾಲರ್ ಕೇಳಿ ಡಾಲಿಯ ಮೇಲೆ ಕೋರ್ಟಿಗೆ ಹೋದರು. ಕೇಸು ಕೋರ್ಟಿನ ಹೊರಗೆ ರಾಜಿಯಲ್ಲಿ ಮುಗಿಯಿತು.

ವರ್ಷಗಳು ಕಳೆದಂತೆ ಸಿಟ್ಟು ಇಳಿಯಿತು. 2007ರಲ್ಲಿ ಪೋರ್ಟರ್ ಗ್ರ್ಯಾಂಡ್ ಓಲ್ ಆಪ್ರಿ ಸೇರಿ 50 ವರ್ಷ ಆದದ್ದಕ್ಕೆ ಸಮಾರಂಭ ನಡೆಯಿತು. ಡಾಲಿ ಬಂದರು. ಅದೇ ವೇದಿಕೆಯಲ್ಲಿ, ಪೋರ್ಟರ್ ಎದುರಿಗೆ, ಇದೇ ಹಾಡು ಹಾಡಿದರು. ಆ ವರ್ಷದ ಅಕ್ಟೋಬರ್ 28ರಂದು ಪೋರ್ಟರ್ ತೀರಿಕೊಂಡರು. ಹಾಡಿನಲ್ಲಿ ಕೊಟ್ಟ ಮಾತು ಬಾಳಿನಲ್ಲಿ ನಿಜವಾಗುವುದಕ್ಕೆ 30 ವರ್ಷದ ಮೇಲೆ ಹಿಡಿಯಿತು.

ಎಲ್ವಿಸ್ ಪ್ರೆಸ್ಲಿ ಯಾಕೆ ಈ ಹಾಡು ಹಾಡಲಿಲ್ಲ?

ಹಾಡಬೇಕು ಅಂತ ಅವರಿಗೆ ಆಸೆ ಇತ್ತು. ರೆಕಾರ್ಡಿಂಗ್ ದಿನವೂ ನಿಗದಿಯಾಗಿತ್ತು. ಡಾಲಿ ಸಂತೋಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಆಗಿನ ಕಾಲಕ್ಕೆ ಎಲ್ವಿಸ್ ನಿಮ್ಮ ಹಾಡು ಹಾಡುತ್ತಾರೆ ಅಂದರೆ ಅದಕ್ಕಿಂತ ದೊಡ್ಡ ಭಾಗ್ಯ ಇನ್ನೊಂದಿಲ್ಲ.

ರೆಕಾರ್ಡಿಂಗ್ ಹಿಂದಿನ ದಿನ ಎಲ್ವಿಸ್ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಫೋನ್ ಮಾಡಿದರು. ಎಲ್ವಿಸ್ ಹಾಡುವ ಹಾಡಿನ ಪ್ರಕಾಶನ ಹಕ್ಕಿನಲ್ಲಿ, ಅಂದರೆ ಸಾಹಿತ್ಯ, ಧಾಟಿ ಬಳಸಿದಾಗ ಪ್ರಕಾಶಕರಿಗೆ ಬರುವ ಪಾಲಿನಲ್ಲಿ, ಅರ್ಧ ನಮಗೆ ಬರಬೇಕು, ಇದು ನಮ್ಮ ಪದ್ಧತಿ ಅಂದರು. ಪದ್ಧತಿ ಇದ್ದದ್ದು ನಿಜ. ಎಲ್ವಿಸ್ ಹೆಸರಿನಲ್ಲಿ ನಡೆಯುತ್ತಿದ್ದ ಪ್ರಕಾಶನ ಕಂಪನಿಗಳು ಎಷ್ಟೋ ಕವಿಗಳಿಂದ ಹೀಗೆ ಪಾಲು ತೆಗೆದುಕೊಂಡಿದ್ದವು. ಎಲ್ವಿಸ್ ದನಿ ಸಿಕ್ಕರೆ ಸಾಕು ಅಂತ ಬಹಳ ಜನ ಒಪ್ಪಿಕೊಳ್ಳುತ್ತಿದ್ದರು. ಡಾಲಿ ಒಪ್ಪಲಿಲ್ಲ. ಈ ಹಾಡು ಆಗಲೇ ಮೊದಲ ಸ್ಥಾನಕ್ಕೆ ಏರಿ ಬಂದಿದೆ, ಇದು ನನ್ನ ಮನೆಯವರಿಗೆ ನಾನು ಬಿಟ್ಟುಹೋಗುವ ಆಸ್ತಿ ಅನ್ನುವುದು ಅವರ ನಿಲುವು. ಹಕ್ಕು ಬಿಟ್ಟುಕೊಡಲಿಲ್ಲ, ಎಲ್ವಿಸ್ ಹಾಡಲಿಲ್ಲ. ಆ ರಾತ್ರಿಯೆಲ್ಲ ಅತ್ತೆ ಅಂತ ಡಾಲಿ ಹೇಳಿಕೊಂಡಿದ್ದಾರೆ.

ಮೂವತ್ತೂ ತುಂಬದ ಒಬ್ಬ ಹೆಣ್ಣುಮಗಳು ಆ ಕಾಲದಲ್ಲಿ ಎಲ್ವಿಸ್‌ಗೆ ಆಗುವುದಿಲ್ಲ ಅಂದದ್ದು ಸಣ್ಣ ಮಾತಲ್ಲ. ಸುತ್ತ ಇದ್ದವರೆಲ್ಲ ತಪ್ಪು ಮಾಡುತ್ತಿದ್ದೀಯ ಅಂದರಂತೆ.

ವಿಚ್ಛೇದನದ ದಿನ ಎಲ್ವಿಸ್ ಇದೇ ಹಾಡನ್ನು ಹೆಂಡತಿಗೆ ಗುನುಗಿದರಂತಲ್ಲ?

ವಿಚ್ಛೇದನ ಮುಗಿಸಿ ಕೋರ್ಟ್ ಮೆಟ್ಟಿಲು ಇಳಿಯುವಾಗ ಎಲ್ವಿಸ್ ಹಾಗೆ ಹಾಡಿದ್ದರು ಅಂತ ಪ್ರಿಸಿಲ್ಲಾ ಪ್ರೆಸ್ಲಿ ತನಗೆ ಹೇಳಿದ್ದಾಗಿ ಡಾಲಿ ಹೇಳುತ್ತಾರೆ. ಕೇಳಲು ಮನ ಮುಟ್ಟುವ ಸಂಗತಿ. ಆದರೆ ತಾರೀಖು ತಾಳೆಯಾಗುವುದಿಲ್ಲ. ಅವರ ವಿಚ್ಛೇದನ ಆದದ್ದು 1973ರ ಅಕ್ಟೋಬರ್‌ನಲ್ಲಿ, ಹಾಡು ಜನಕ್ಕೆ ಸಿಕ್ಕಿದ್ದು 1974ರಲ್ಲಿ. ಎಲ್ವಿಸ್ ಬೇರೆ ಯಾವುದೋ ಸಂದರ್ಭದಲ್ಲಿ ಹಾಡಿರಬಹುದು. ಕೋರ್ಟ್ ಮೆಟ್ಟಿಲಿನ ಚಿತ್ರವನ್ನು ಹಾಗೇ ನಂಬಬೇಡಿ.

ಒಂದೇ ಹಾಡು ಎರಡು ಸಲ ಮೊದಲ ಸ್ಥಾನಕ್ಕೆ ಬಂದದ್ದು ಹೇಗೆ?

1982ರಲ್ಲಿ ಡಾಲಿ 'ದ ಬೆಸ್ಟ್ ಲಿಟ್ಲ್ ಹೋರ್‌ಹೌಸ್ ಇನ್ ಟೆಕ್ಸಸ್' ಅನ್ನುವ ಸಿನಿಮಾದಲ್ಲಿ ಬರ್ಟ್ ರೆನಾಲ್ಡ್ಸ್ ಜೊತೆ ನಟಿಸಿದರು. ಅದಕ್ಕಾಗಿ ಈ ಹಾಡನ್ನು ಹೊಸದಾಗಿ ಹಾಡಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಅದು ಮತ್ತೆ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಒಂದೇ ಹಾಡನ್ನು ಎರಡು ಸಲ ಹಾಡಿ ಎರಡು ಸಲವೂ ಆ ಪಟ್ಟಿಯ ತುದಿ ಮುಟ್ಟಿದವರಲ್ಲಿ ಡಾಲಿಯೇ ಮೊದಲಿಗರು. 1995ರಲ್ಲಿ ವಿನ್ಸ್ ಗಿಲ್ ಜೊತೆ ಮೂರನೆಯ ಸಲ ಹಾಡಿದರು, ಅದು 15ನೇ ಸ್ಥಾನದವರೆಗೆ ಹೋಯಿತು.

ವಿಟ್ನಿ ಕೈಗೆ ಈ ಹಾಡು ಬಂದದ್ದು ಹೇಗೆ?

ಸ್ವಲ್ಪ ಸುತ್ತು ದಾರಿಯಲ್ಲಿ. 'ದ ಬಾಡಿಗಾರ್ಡ್' ಸಿನಿಮಾದ ಕೊನೆಗೆ ಮೊದಲು ಗೊತ್ತು ಮಾಡಿದ್ದು ಬೇರೆ ಹಾಡು, 1960ರ ದಶಕದ 'ವಾಟ್ ಬಿಕಮ್ಸ್ ಆಫ್ ದ ಬ್ರೋಕನ್‌ಹಾರ್ಟೆಡ್'. ಅಷ್ಟರಲ್ಲಿ ಅದನ್ನು 1991ರ ಇನ್ನೊಂದು ಸಿನಿಮಾದಲ್ಲಿ ಬಳಸಿಬಿಟ್ಟಿದ್ದರು. ಆಗ ನಾಯಕ ನಟ ಕೆವಿನ್ ಕಾಸ್ಟ್ನರ್ ಈ ಹಾಡು ಸೂಚಿಸಿದರು. ಅವರು ತಂದು ಕೇಳಿಸಿದ್ದು ಡಾಲಿ ಹಾಡಿದ್ದಲ್ಲ, ಇನ್ನೊಬ್ಬ ಗಾಯಕಿ ಲಿಂಡಾ ರಾನ್‌ಸ್ಟಾಟ್ 1975ರಲ್ಲಿ ಹಾಡಿದ ರೂಪ.

ಇಲ್ಲೊಂದು ಎಡವಟ್ಟು ಆಗುವುದರಲ್ಲಿತ್ತು. ಲಿಂಡಾ ರೂಪದಲ್ಲಿ ಕೊನೆಯ ಚರಣ ಇಲ್ಲ. ಸಂಗೀತ ನಿರ್ಮಾಪಕ ಡೇವಿಡ್ ಫಾಸ್ಟರ್ ಅದನ್ನೇ ನಂಬಿ ಕೆಲಸ ಶುರು ಮಾಡಿದ್ದರು. ವಿಟ್ನಿ ನಿಮ್ಮ ಹಾಡು ಹಾಡುತ್ತಿದ್ದಾರೆ ಅಂತ ಹೇಳಲು ಡಾಲಿಗೆ ಫೋನ್ ಮಾಡಿದಾಗ, ಹೌದಾ, ಕೊನೆಯ ಚರಣ ಇದೆ ತಾನೆ ಅಂತ ಡಾಲಿ ಕೇಳಿದರು. ಯಾವ ಚರಣ? ಡಾಲಿ ಫೋನಿನಲ್ಲೇ ಸಾಲುಗಳನ್ನು ಹೇಳಿದರು, ಫಾಸ್ಟರ್ ಬರೆದುಕೊಂಡರು. ಹಾಡಿನ ಹಾರೈಕೆ ಪೂರ್ತಿ ಇರುವುದು ಆ ಚರಣದಲ್ಲೇ. ಆ ಫೋನ್ ಹೋಗದೇ ಇದ್ದಿದ್ದರೆ ಲೋಕ ಕೇಳುತ್ತಿದ್ದದ್ದು ಬರೀ ಬಿಟ್ಟುಹೋಗುವ ಹಾಡು, ಹರಸುವ ಹಾಡಲ್ಲ.

ಸಿನಿಮಾದ ಕತೆಯನ್ನೂ ಗಮನಿಸಿ. ವಿಟ್ನಿ ಅಲ್ಲಿ ರೇಚಲ್ ಮ್ಯಾರನ್ ಅನ್ನುವ ಗಾಯಕಿ, ಕಾಸ್ಟ್ನರ್ ಸಂಬಳಕ್ಕೆ ಬಂದ ಕಾವಲುಗಾರ. ಕೆಲಸ ಮುಗಿಯಿತು, ಹೊರಡಬೇಕು. ಕೆಲಸದ ಸಂಬಂಧವೊಂದು ಪ್ರೀತಿಯಾಗಿ, ಉಳಿಯಲಾರದೆ ಅಗಲುವ ಕತೆ. ಹಾಡು ಮೂಲದಲ್ಲಿ ಯಾವ ಸನ್ನಿವೇಶಕ್ಕೆ ಹುಟ್ಟಿತ್ತೋ ಅದಕ್ಕೆ ಹತ್ತಿರದ ಸನ್ನಿವೇಶವೇ ಮತ್ತೆ ಸಿಕ್ಕಿತು.

ವಿಟ್ನಿ ಏನು ಬದಲಾಯಿಸಿದರು?

ಮಾತು ಅದೇ, ಧಾಟಿ ಅದೇ. ಹಾಡಿನ ಅಳತೆಯೇ ಬದಲಾಯಿತು. ಮೂರು ನಿಮಿಷದ ಹಾಡು ನಾಲ್ಕೂವರೆ ನಿಮಿಷವಾಯಿತು.

ಮೊದಲ ಸುಮಾರು ಮುಕ್ಕಾಲು ನಿಮಿಷ ಒಂದು ವಾದ್ಯವೂ ಇಲ್ಲ, ವಿಟ್ನಿ ದನಿ ಮಾತ್ರ. ಹೀಗೆ ಶುರು ಮಾಡಿದರೆ ರೇಡಿಯೋದವರು ಹಾಕುವುದಿಲ್ಲ ಅಂತ ರೆಕಾರ್ಡ್ ಕಂಪನಿಯ ಕಡೆಯಿಂದ ಆತಂಕ ಇತ್ತು. ಹಾಗೇ ಇರಬೇಕು ಅಂತ ಹಟ ಹಿಡಿದವರು ಕಾಸ್ಟ್ನರ್. ಆಮೇಲೆ ಒಂದೊಂದೇ ವಾದ್ಯ ಸೇರುತ್ತದೆ. ನಡುವೆ ಕರ್ಕ್ ವೇಲಮ್ ಅವರ ಸ್ಯಾಕ್ಸೊಫೋನ್. ಅದು ಮುಗಿದ ಮೇಲೆ ಡಾಲಿ ಮಾತಿನಲ್ಲಿ ಹೇಳಿದ್ದ ಹಾರೈಕೆಯ ಚರಣವನ್ನು ವಿಟ್ನಿ ಹಾಡುತ್ತಾರೆ. ಅದು ಮುಗಿದದ್ದೇ ಎಲ್ಲ ನಿಲ್ಲುತ್ತದೆ. ಒಂದು ಕ್ಷಣ ನಿಶ್ಶಬ್ದ. ಡ್ರಮ್ಮಿನ ಒಂದೇ ಒಂದು ಪೆಟ್ಟು. ಶ್ರುತಿ ಒಂದು ಸ್ವರ ಮೇಲಕ್ಕೆ ಏರಿ ಪಲ್ಲವಿ ಬರುತ್ತದೆ. ಹಾಡು ಗೊತ್ತಿದ್ದವರೂ ಆ ಪೆಟ್ಟಿಗೆ ಕಾಯುತ್ತಾರೆ.

'ನಾನು' ಅನ್ನುವ ಒಂದೇ ಅಕ್ಷರದ ಇಂಗ್ಲಿಷ್ ಪದವನ್ನು ವಿಟ್ನಿ ಎಷ್ಟು ಸ್ವರದಲ್ಲಿ ಎಳೆದು ಬಳುಕಿಸುತ್ತಾರೆ ಕೇಳಿ. ಅದು ಅಮೆರಿಕದ ಕಪ್ಪು ಜನರ ಚರ್ಚಿನ ಗಾಯನದಿಂದ ಬಂದದ್ದು. ವಿಟ್ನಿ ಹಾಡಲು ಕಲಿತದ್ದೇ ನ್ಯೂ ಜರ್ಸಿಯ ನೆವಾರ್ಕ್ ಊರಿನ ಚರ್ಚಿನಲ್ಲಿ. ಬೆಟ್ಟದ ಸೀಮೆಯ ಬಡ ಬಿಳಿಯರ ಚರ್ಚಿನಿಂದ ಹೊರಟ ಹಾಡು ಇನ್ನೊಂದು ಚರ್ಚಿನ ದನಿಯಲ್ಲಿ ಲೋಕಕ್ಕೆ ಕೇಳಿಸಿತು.

ಎಷ್ಟು ದೊಡ್ಡ ಗೆಲುವು ಅದು?

1992ರ ನವೆಂಬರ್‌ನಿಂದ ಸತತ 14 ವಾರ ಎಲ್ಲ ಬಗೆಯ ಹಾಡುಗಳೂ ಸೇರುವ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಸ್ಥಾನ. ಆ ಹೊತ್ತಿಗೆ ಅದು ದಾಖಲೆ. ಬ್ರಿಟನ್‌ನಲ್ಲಿ 10 ವಾರ. 1994ರಲ್ಲಿ ವರ್ಷದ ರೆಕಾರ್ಡ್ ಸೇರಿ ಎರಡು ಗ್ರ್ಯಾಮಿ (ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ) ಈ ಹಾಡಿಗೆ, ವರ್ಷದ ಆಲ್ಬಂ ಗ್ರ್ಯಾಮಿ ಸಿನಿಮಾದ ಹಾಡುಗಳ ಆಲ್ಬಂಗೆ. ಆ ಆಲ್ಬಂ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಅನ್ನುತ್ತಾರೆ.

ಡಾಲಿ ಅದನ್ನು ಮೊದಲು ಕೇಳಿದ್ದು ಯಾವಾಗ?

ಕಾರು ಓಡಿಸುತ್ತಿದ್ದಾಗ, ರೇಡಿಯೋದಲ್ಲಿ. ಶುರುವಿನಲ್ಲಿ ವಾದ್ಯ ಇಲ್ಲದೆ ಬಂದ ದನಿ ಕೇಳಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತಂತೆ. ಪಲ್ಲವಿ ಬರುವ ಹೊತ್ತಿಗೆ ತನ್ನದೇ ಹಾಡು ಅಂತ ಗೊತ್ತಾಯಿತು. ಕೈಕಾಲು ಆಡದೆ, ಎಲ್ಲಿ ಗುದ್ದಿಬಿಡುತ್ತೇನೋ ಅಂತ ಕಾರನ್ನು ರಸ್ತೆ ಬದಿಗೆ ತೆಗೆದುಕೊಂಡು ಪೂರ್ತಿ ಕೇಳಿದರು. ಆಮೇಲೆ ಎಲ್ಲಿ ಮಾತಾಡಿದರೂ ವಿಟ್ನಿಯನ್ನು ಬಾಯಿ ತುಂಬ ಹೊಗಳಿದ್ದಾರೆ.

ದುಡ್ಡು ಯಾರಿಗೆ ಹೋಯಿತು?

ಇಬ್ಬರಿಗೂ. ಆದರೆ ಬೇರೆ ಬೇರೆ ದಾರಿಯಲ್ಲಿ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ಧಾಟಿಯ ಹಕ್ಕು ಒಂದು, ಆ ರೆಕಾರ್ಡಿಂಗ್‌ನ ಹಕ್ಕು ಇನ್ನೊಂದು. ವಿಟ್ನಿಯ ಒಂದೊಂದು ಪ್ರತಿ ಮಾರಾಟವಾದಾಗಲೂ ಬರೆದವರು ಅನ್ನುವ ಕಾರಣಕ್ಕೆ ಡಾಲಿಗೆ ಒಂದು ಪಾಲು ಸೇರುತ್ತದೆ. ಅಮೆರಿಕದಲ್ಲಿ ಇನ್ನೂ ಒಂದು ವಿಶೇಷ ಇದೆ. ಅಲ್ಲಿ ಮಾಮೂಲಿ ಎಎಂ, ಎಫ್‌ಎಂ ರೇಡಿಯೋದವರು ಹಾಡು ಹಾಕಿದಾಗ ದುಡ್ಡು ಕೊಡುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ ಮಾತ್ರ. ಹಾಡಿದವರಿಗೆ ಕೊಡುವ ಕಾನೂನು ಇಲ್ಲ. ಅಂದರೆ ಅಮೆರಿಕದ ರೇಡಿಯೋದಲ್ಲಿ ವಿಟ್ನಿ ದನಿ ಕೇಳಿದಾಗಲೆಲ್ಲ ಹಣ ಬಂದದ್ದು ಡಾಲಿಗೆ. ಇದು ಹಾಡುವವರಿಗೆ ಅನ್ಯಾಯ ಅಂತ ಅಲ್ಲಿ ದೊಡ್ಡ ವಾದವೇ ನಡೆದಿದೆ. ನನಗೂ ಹಾಗೇ ಅನ್ನಿಸುತ್ತದೆ, ಆ ನಾಲ್ಕೂವರೆ ನಿಮಿಷ ವಿಟ್ನಿ ಇಲ್ಲದೆ ಆಗುತ್ತಿರಲಿಲ್ಲ.

1990ರ ದಶಕದಲ್ಲಿ ಈ ಒಂದು ಹಾಡಿನಿಂದ ಡಾಲಿಗೆ ಸುಮಾರು 1 ಕೋಟಿ ಡಾಲರ್ ಬಂತು ಅಂತ ಫೋರ್ಬ್ಸ್ ಪತ್ರಿಕೆ ಲೆಕ್ಕ ಹಾಕಿದೆ. ಆ ಹಣದಲ್ಲಿ ನ್ಯಾಶ್‌ವಿಲ್‌ನಲ್ಲಿ ಹೆಚ್ಚಾಗಿ ಕಪ್ಪು ಜನರು ವಾಸವಿದ್ದ ಕಡೆ ಒಂದು ಕಟ್ಟಡ ಸಂಕೀರ್ಣ ಕೊಂಡುಕೊಂಡೆ, ಅದು ವಿಟ್ನಿ ಕಟ್ಟಿಸಿದ ಮನೆ ಅಂತ ಡಾಲಿ 2021ರಲ್ಲಿ ಹೇಳಿದರು. ಎಲ್ವಿಸ್ ಮ್ಯಾನೇಜರ್‌ಗೆ ಅವತ್ತು ಅರ್ಧ ಬರೆದುಕೊಟ್ಟಿದ್ದರೆ ಈ ಹಣದ ಪ್ರಕಾಶನ ಪಾಲಿನಲ್ಲಿ ಅರ್ಧ ಬೇರೆಯವರ ಪಾಲಾಗುತ್ತಿತ್ತು.

ನಮ್ಮ ದೇಶದ ಸಿನಿಮಾ ಕವಿಗಳಿಗೆ ಇಂಥ ರಕ್ಷಣೆ ಬಂದದ್ದು ಬಹಳ ತಡವಾಗಿ. 2012ರ ಕಾಪಿರೈಟ್ ತಿದ್ದುಪಡಿಯ ಮೇಲೆ, ಹಾಡು ಬರೆದವರು, ಸಂಗೀತ ಕೊಟ್ಟವರು ತಮ್ಮ ರಾಯಲ್ಟಿ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಕನ್ನಡದಲ್ಲಿ ಹಾಡು ಬರೆಯುವ ಹುಡುಗ ಹುಡುಗಿಯರು ಡಾಲಿಯ ಈ ಕತೆಯನ್ನೂ ಆ ಕಾನೂನನ್ನೂ ಒಟ್ಟಿಗೆ ತಿಳಿದುಕೊಂಡರೆ ಒಳ್ಳೆಯದು. ಸಹಿ ಹಾಕುವ ಮೊದಲು ಕಾಗದ ಓದಿ.

ಡಾಲಿ ಹಾಡಿದ್ದು ಚೆನ್ನಾಗಿದೆಯೋ, ವಿಟ್ನಿ ಹಾಡಿದ್ದೋ?

ಗಾಯನ ಅಂತ ನೋಡಿದರೆ ವಿಟ್ನಿ ಹಾಡಿದ್ದಕ್ಕೆ ಸಾಟಿ ಇಲ್ಲ. ಆದರೆ ಹಾಡಿನ ಮಾತು ಮನಸ್ಸಿಗೆ ಇಳಿಯುವುದು ಡಾಲಿಯಲ್ಲಿ. ವಿಟ್ನಿ ಇಡೀ ಸಭೆಗೆ ಹಾಡುತ್ತಾರೆ, ಡಾಲಿ ಒಬ್ಬರಿಗೆ ಹಾಡುತ್ತಾರೆ. ಒಂದನ್ನೇ ಆರಿಸಿಕೋ ಅಂದರೆ ನನ್ನದು ಡಾಲಿಯ 1974ರ ರೂಪ.

2012ರಲ್ಲಿ ಈ ಹಾಡು ಮತ್ತೆ ಪಟ್ಟಿಗೆ ಬಂತಲ್ಲ, ಯಾಕೆ?

ಆ ವರ್ಷ ಫೆಬ್ರವರಿ 11ರಂದು ವಿಟ್ನಿ ತೀರಿಕೊಂಡರು. 48 ವರ್ಷ ಅಷ್ಟೇ. ಜನ ಮತ್ತೆ ಮತ್ತೆ ಕೇಳಿ, ಕೊಂಡು, ಹಾಡು 20 ವರ್ಷದ ಮೇಲೆ ಹಾಟ್ 100ರ ಮೊದಲ ಹತ್ತರೊಳಗೆ ಬಂತು. ನೆವಾರ್ಕ್‌ನ ಚರ್ಚಿನಲ್ಲಿ ಅಂತ್ಯಸಂಸ್ಕಾರದ ಪ್ರಾರ್ಥನೆ ಮುಗಿದು ಶವಪೆಟ್ಟಿಗೆ ಹೊರಗೆ ತರುವಾಗ ನುಡಿಸಿದ್ದು ಇದೇ ರೆಕಾರ್ಡಿಂಗ್.

ಮೊದಲ ಸಲ ಕೇಳುವವರು ಯಾವುದರಿಂದ ಶುರು ಮಾಡಬೇಕು?

ಡಾಲಿಯ 1974ರ ಹಾಡಿನಿಂದ. 1982ರದ್ದೂ ಡಾಲಿಯದೇ ಆದ್ದರಿಂದ ಹುಡುಕುವಾಗ 'ಜೊಲೀನ್' ಆಲ್ಬಂನಲ್ಲಿರುವುದನ್ನೇ ನೋಡಿ ಹಾಕಿಕೊಳ್ಳಿ. ಅದರ ಬೆನ್ನಿಗೇ ವಿಟ್ನಿಯದು ಕೇಳಿ. ಲಿಂಡಾ ರಾನ್‌ಸ್ಟಾಟ್ ಹಾಡಿದ್ದು ಬೇಕಾದರೆ 'ಪ್ರಿಸನರ್ ಇನ್ ಡಿಸ್‌ಗೈಸ್' ಆಲ್ಬಂನಲ್ಲಿದೆ, ಕೊನೆಯ ಚರಣ ಇಲ್ಲದಿದ್ದರೆ ಹಾಡು ಹೇಗಿರುತ್ತದೆ ಅಂತ ತಿಳಿಯಲು ಕೇಳಬೇಕಾದ್ದು. ಅಮೆರಿಕದಲ್ಲಿ ಇರುವವರು, ಅಲ್ಲಿಗೆ ಮಕ್ಕಳ ಮನೆಗೆ ಹೋಗುವವರು ನ್ಯಾಶ್‌ವಿಲ್ ಕಡೆ ಹೋದರೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮ್ಯೂಸಿಯಂಗೆ ಹೋಗಿ. ಆರ್‌ಸಿಎ ಸ್ಟುಡಿಯೋ ಬಿಯನ್ನು ತೋರಿಸುವ ವ್ಯವಸ್ಥೆ ಇರುವುದು ಅವರದೇ.